ಎರಡೂ ಬಾಜು ಝೆರಾಕ್ಸ್

ಸವಣೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಜೊತೆಗೆ ಅರ್ಜಿ ಬರೆದುಕೊಡುವುದು, ಲ್ಯಾಮಿನೇಶನ್, ಪಾಸ್‌ಪೋರ್ಟ್ ಸೈಜ್ ಫೋಟೋ, ಆನ್‌ಲೈನ್ ಫಾರ್ಮ್ ತುಂಬುವುದು. ಇಪ್ಪತ್ತೆರಡು ವರ್ಷವಾಯಿತು. ಈ ಅವಧಿಯಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ‘ನಮಸ್ಕಾರ’ವೂ ಅಲ್ಲ, ‘ಎಷ್ಟಾತು’ ಅನ್ನುವುದೂ ಅಲ್ಲ. ‘ಎರಡೂ ಬಾಜು ತಗೀರಿ.’ ಆಧಾರ್ ಕಾರ್ಡಿನ ಮುಂದಿನ ಬಾಜಿನಲ್ಲಿ ಮುಖ, ಹಿಂದಿನ ಬಾಜಿನಲ್ಲಿ ವಿಳಾಸ. ನಮ್ಮ ಎರಡೂ ಬಾಜು ಸರ್ಕಾರಕ್ಕೆ ಬೇಕು. ಅದರ ಒಂದು ಬಾಜು ನೋಡಬೇಕಾದರೂ ನಮಗೆ ಅರ್ಜಿ ಬೇಕು. ಆ ಅರ್ಜಿಯಿಂದಲೇ ನನ್ನ ಹೊಟ್ಟೆ ತುಂಬಿದ್ದರಿಂದ ಹೆಚ್ಚು ದೂರುವ ಹಕ್ಕು ನನಗಿಲ್ಲ. ಕಲಿತದ್ದನ್ನಷ್ಟು ಬರೆಯುತ್ತೇನೆ.

1. ಮೊದಲು ಕಾಗದದ ಹೆಸರು ಕಲಿಯಿರಿ.

ಮೈಸೂರು ಕಡೆಯವರು ಪಹಣಿ ಅನ್ನುತ್ತಾರೆ. ಕಂಪ್ಯೂಟರು ಆರ್‌ಟಿಸಿ ಅನ್ನುತ್ತದೆ. ನಮ್ಮಲ್ಲಿ ಅದು ಉತಾರ. ನವಾಬರ ಸಂಸ್ಥಾನವಾಗಿದ್ದ ಊರು 1948ರಲ್ಲಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೆ. ಮನುಷ್ಯ ಕೂತ ಕಟ್ಟೆಯ ಮೇಲೇ ಕೂತಿದ್ದ, ಅವನ ಕಾಗದ ಮಾತ್ರ ಊರೂರು ತಿರುಗಿತು. ಹಾಗಾಗಿ ಒಬ್ಬನೇ ಅಬ್ದುಲ್ ಸಾಹೇಬರ ಹೆಸರು ಉತಾರದಲ್ಲಿ ಒಂದು ತೆರನಾಗಿ, ಆಧಾರಿನಲ್ಲಿ ಇನ್ನೊಂದು ತೆರನಾಗಿ, ರೇಷನ್ ಕಾರ್ಡಿನಲ್ಲಿ ಮೂರನೆಯ ತೆರನಾಗಿ ಇರುತ್ತದೆ. ಮೂವರೂ ಒಬ್ಬನೇ ಎಂದು ಸಾಬೀತು ಮಾಡಲು ನಾಲ್ಕನೆಯದಾಗಿ ಒಂದು ಅಫಿಡವಿಟ್ಟು.

2000ದ ಸುಮಾರಿಗೆ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಉತಾರಕ್ಕಾಗಿ ತಲಾಟಿಯ ಮನೆ ಮುಂದೆ ಚಪ್ಪಲಿ ಬಿಟ್ಟು ಕಾಯುವುದು ತಪ್ಪಿತು. ಇದು ಸಣ್ಣ ಮಾತಲ್ಲ, ನಮ್ಮಪ್ಪ ಕಾದದ್ದನ್ನು ನಾನು ನೋಡಿದ್ದೇನೆ. ಆದರೆ ಕೈಬರಹ ಏರಿದಾಗ ಅದರ ತಪ್ಪೂ ಏರಿ ಕೂತಿತು. ಆಗ ತಪ್ಪು ತಲಾಟಿಯ ಪೆನ್ನಿನ ತುದಿಯಲ್ಲಿತ್ತು. ಈಗ ಸರ್ವರಿನಲ್ಲಿದೆ, ಮತ್ತು ಸರ್ವರ್ ಡೌನ್ ಇದೆ.

2. ನಿಮ್ಮ ಗುಟ್ಟು ಎಲ್ಲಿ ಸೋರುತ್ತದೆ ಎಂದು ತಿಳಿಯಬೇಕಾದರೆ ಖಾರಾ ಕಟ್ಟಿಸಿಕೊಳ್ಳಿ.

ಸವಣೂರು ಖಾರಾದ ಬಗ್ಗೆ ನಾನು ಹೇಳಬೇಕಾದ್ದಿಲ್ಲ, ಹುಬ್ಬಳ್ಳಿ ಬಸ್ಸು ಹತ್ತುವವರ ಕೈಚೀಲ ಹೇಳುತ್ತದೆ. ಒಂದು ಸಂಜೆ ಮನೆಗೆ ಒಯ್ದು ಪೊಟ್ಟಣ ಬಿಚ್ಚಿದೆ. ಎಣ್ಣೆ ಮೆತ್ತಿದ ಕಾಗದದೊಳಗಿಂದ ಒಬ್ಬ ಅಜ್ಜ ನನ್ನನ್ನೇ ನೋಡುತ್ತಿದ್ದ. ಆಧಾರ್ ಪ್ರತಿ. ಹೆಸರು, ಹುಟ್ಟಿದ ವರ್ಷ, ಹನ್ನೆರಡು ಅಂಕಿ, ಗಲ್ಲದ ಮೇಲೆ ಒಂದು ಶೇಂಗಾ. ಯಾವ ನಾಲಾಯಕ್ ಇದನ್ನು ರದ್ದಿಗೆ ಹಾಕಿದ್ದಾನೋ ಎಂದು ಬೈಯಲು ಬಾಯಿ ತೆರೆದವನು ಕಾಗದದ ಎಡ ಅಂಚನ್ನು ನೋಡಿ ಸುಮ್ಮನಾದೆ. ಅಲ್ಲೊಂದು ತೆಳ್ಳನೆಯ ಕಪ್ಪು ಗೆರೆ. ಅದು ನನ್ನ ಮಶೀನಿನ ಡ್ರಮ್ಮಿನ ಗೆರೆ. ಕೆಟ್ಟ ಪ್ರತಿಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದವ ನಾನೇ.

ಅಂದಿನಿಂದ ಕೆಟ್ಟ ಪ್ರತಿಗಳನ್ನು ಹರಿದು ಬಕೆಟ್ಟಿನಲ್ಲಿ ನೆನೆಹಾಕಿ ಮುದ್ದೆ ಮಾಡತೊಡಗಿದೆ. ಮೂರನೆಯ ದಿನ ಹೆಂಡತಿ ಕೇಳಿದಳು, ‘ಯಾರದೋ ನಂಬರ್ ತೊಳಿಯಾಕ ನಳದ ನೀರೇನ್ರಿ?’ ಈಗ ಅರಿವೆ ಒಗೆದ ನೀರು ಬಳಸುತ್ತೇನೆ. ಮುದ್ದೆ ತೆಂಗಿನ ಬುಡಕ್ಕೆ ಹೋಗುತ್ತದೆ. ತಾಲೂಕಿನ ಎಷ್ಟೋ ಜನರ ಖಾಸಗಿ ವಿವರ ನಮ್ಮ ಹಿತ್ತಲಲ್ಲಿ ಎಳನೀರಾಗಿದೆ.

3. ದೆಹಲಿಗೆ ಹೆದರುವ ಮೊದಲು ನನಗೆ ಹೆದರಿ.

‘ಸರ್ಕಾರ ನಮ್ಮನ್ನ ಕದ್ದು ನೋಡತೈತ್ರಿ’ ಎಂದು ನನ್ನ ಅಂಗಡಿಯಲ್ಲಿ ಕೂತು ಗುಡುಗುವವರು, ಮರುಗಳಿಗೆಯೇ ‘ನಿಮ್ಮ ವಾಟ್ಸ್ಯಾಪಿಗೆ ಹಾಕೇನಿ, ಪ್ರಿಂಟ್ ಕೊಡ್ರಿ’ ಅನ್ನುತ್ತಾರೆ. ನನ್ನ ಫೋನಿನಲ್ಲಿ ಅರ್ಧ ತಾಲೂಕಿನ ಪಾಸ್‌ಬುಕ್ಕು, ಪ್ಯಾನು, ಜಾತಿ ಪ್ರಮಾಣಪತ್ರ, ಎರಡು ಸೋಡಚೀಟಿ, ಒಂದು ಸ್ಕ್ಯಾನಿಂಗ್ ರಿಪೋರ್ಟು. ಯಾರ ಮನೆಯಲ್ಲಿ ಮಗು ಹುಟ್ಟಲಿದೆ ಎಂಬುದು ಅವರ ಅತ್ತೆಗಿಂತ ಮೊದಲು ನನಗೆ ತಿಳಿದದ್ದುಂಟು.

ಈಗ ರಾತ್ರಿ ಅಂಗಡಿ ಮುಚ್ಚುವಾಗ ಗಲ್ಲೆಯ ಲೆಕ್ಕ ಮುಗಿದ ಮೇಲೆ ಫೋನನ್ನೂ ಕಂಪ್ಯೂಟರನ್ನೂ ಖಾಲಿ ಮಾಡುತ್ತೇನೆ. ಗಿರಾಕಿಗೆ ಕೇಳುತ್ತೇನೆ: ಮಾಸ್ಕ್ ಮಾಡಿದ ಆಧಾರ್ ನಡೆಯುತ್ತದೆಯೇ ವಿಚಾರಿಸಿದಿರಾ? ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಪೂರ್ತಿ ಪ್ರತಿಯನ್ನು ಯಾರಿಗೂ ಕೊಡಬೇಡಿ, ದುರುಪಯೋಗವಾದೀತು ಎಂದು ಪ್ರಕಟಣೆ ಹೊರಡಿಸಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ, ಜನ ತಪ್ಪು ತಿಳಿದಾರು ಎಂದು ಅದನ್ನು ವಾಪಸು ಪಡೆಯಿತು. ಆ ಎರಡು ದಿನ ನನ್ನ ವ್ಯಾಪಾರದ ಗತಿ ಏನು ಎಂದು ನಿದ್ದೆ ಬಂದಿರಲಿಲ್ಲ. ಮೂರನೆಯ ದಿನ ದೇಶದ ವಿಶ್ವಾಸವೂ ನನ್ನ ಟೋನರಿನ ಖರ್ಚೂ ಮೊದಲಿನಂತಾದವು.

4. ಹೆಬ್ಬೆರಳು ಸವೆಯುವ ವಸ್ತು.

ನಮ್ಮೂರ ಎಲಿತೋಟಗಳಲ್ಲಿ ವೀಳ್ಯದೆಲೆ ಕೊಯ್ಯುವವರ ಬೆರಳು ನೋಡಿ. ಬಳ್ಳಿಯ ರಸ, ಚೊಗಚಿಯ ಸಿಬಿರು, ನೂರಾರು ತೊಟ್ಟು. ಗೆರೆಗಳು ಎಂದೋ ಮಾಯವಾಗಿರುತ್ತವೆ. ರೇಷನ್ ಅಂಗಡಿಯ ಯಂತ್ರ ಅಂಥ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. ಒಬ್ಬ ಬೂಬಮ್ಮ ಸೆರಗಿಗೆ ಒರೆಸಿ ಒತ್ತಿದಳು, ಕೊಬ್ಬರಿ ಎಣ್ಣೆ ಹಚ್ಚಿ ಒತ್ತಿದಳು, ಕೊನೆಗೆ ‘ಈ ಬೆರಳಿನಿಂದನ ನಲವತ್ತು ವರ್ಷ ದುಡದೇನಿ, ಇದು ನಂದಲ್ಲಂತ’ ಎಂದು ನಕ್ಕಳು. ಅವಳ ಪಾಲಿಗೆ ಓಟಿಪಿ ಬಂದದ್ದು ಮಗನ ಫೋನಿಗೆ. ಮಗ ಗೋವಾದಲ್ಲಿ.

ದುಡಿದವರ ಹೆಬ್ಬೆಟ್ಟು ಯಂತ್ರಕ್ಕೆ ತಿಳಿಯದು, ಕಳ್ಳರಿಗೆ ತಿಳಿಯುತ್ತದೆ. 2023ರಲ್ಲಿ ನಮ್ಮ ರಾಜ್ಯದಲ್ಲಿ ಕ್ರಯಪತ್ರಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಜೋಡಿಸಿದ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಸಾಲುಸಾಲಾಗಿ ಹೊರಬಂದವು. ಆಮೇಲೆ ನೋಂದಣಿ ಪತ್ರಗಳ ಆನ್‌ಲೈನ್ ಪ್ರತಿಯಲ್ಲಿ ಬೆರಳ ಗುರುತನ್ನು ಮರೆಮಾಡುವ ಏರ್ಪಾಡಾಯಿತು. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಹೆಬ್ಬೆರಳು ಕಳುವಾದರೆ ಎಲ್ಲಿಂದ ತರುವುದು? ಹೊಲ ಮನೆ ಮಾರಿದವರಿಗೆ, ಕೊಂಡವರಿಗೆ ನಾನು ಬೇಡವೆಂದರೂ ಒಂದು ಕೆಲಸ ಮಾಡಿಕೊಡುತ್ತೇನೆ: ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್. ರೇಷನ್ ತರುವ ದಿನ ಬಂದು ಬೀಗ ತೆಗೆಸಿಕೊಂಡು ಹೋಗುತ್ತಾರೆ, ಮರುದಿನ ಮತ್ತೆ ಹಾಕಿಸುತ್ತಾರೆ. ಮನೆಯ ಬೀಗದ ಕೈ ನೆರೆಮನೆಯಲ್ಲಿ ಇಟ್ಟ ಹಾಗೆ.

5. ಪುಟ್ಟಸ್ವಾಮಿಯವರ ಹೆಸರು ನೆನಪಿರಲಿ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಮರುವರ್ಷ ಅದೇ ಕೋರ್ಟು, ಬ್ಯಾಂಕ್ ಖಾತೆಗೂ ಸಿಮ್ಮಿಗೂ ಆಧಾರ್ ಕಡ್ಡಾಯವಲ್ಲ ಎಂದಿತು. ಆ ತೀರ್ಪಿನ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದೆ. ಅದರ ಕೆಳಗೇ ನಿಂತು ಜನ ಸಿಮ್ಮಿಗೆಂದು ಆಧಾರ್ ಝೆರಾಕ್ಸ್ ಮಾಡಿಸಿಕೊಂಡು ಹೋದರು. ಎರಡೂ ಬಾಜು.

6. ಸ್ವೀಕೃತಿ ಇಲ್ಲದ ಅರ್ಜಿ, ಗಾಳಿಗೆ ತೂರಿದ ಹೊಟ್ಟು.

ಸಕಾಲ ಕಾಯ್ದೆ 2011ರದು, ಜಾರಿಗೆ ಬಂದದ್ದು 2012ರಲ್ಲಿ. ಸರ್ಕಾರಿ ಕಚೇರಿಯಲ್ಲಿ ಕೆಲಸ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ನಾನು ಅರ್ಜಿ ಬರೆದವರಲ್ಲಿ ಪರಿಹಾರ ಪಡೆದವರು ಒಬ್ಬರೂ ಇಲ್ಲ. ಆದರೆ ಸ್ವೀಕೃತಿಯ ಮೇಲಿನ ಹದಿನೈದಂಕಿಯ ಸಂಖ್ಯೆ ಕೈಯಲ್ಲಿದ್ದರೆ ಟೇಬಲ್ಲಿನ ಆಚೆಯವರು ತಲೆ ಎತ್ತಿ ನೋಡುತ್ತಾರೆ. ಸದ್ಯಕ್ಕೆ ಅದೇ ಪರಿಹಾರ.

7. ಸಂಧಿ ಸಮಾಸ ಮರೆಯಬೇಡಿ.

ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. 2008ರಿಂದ ಇನ್ನೊಂದು ನಿಯಮ: ಒಂದೇ ವಿಷಯ, 150 ಪದ ಮೀರಬಾರದು. ಸರ್ಕಾರ ನಮಗೆ ಕಳಿಸುವ ಸುತ್ತೋಲೆಗೆ ಈ ಮಿತಿ ಇಲ್ಲ, ಇರಲಿ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಲಾಭವಿದೆ. ‘ನೀರು ಬಿಡಲು ಆಗದೆ ಇದ್ದುದಕ್ಕೆ’ ಅಂದರೆ ನಾಲ್ಕು ಪದ. ‘ನೀರುಬಿಡಲಾಗದಿದ್ದುದಕ್ಕೆ’ ಅಂದರೆ ಒಂದೇ. ಹೈಸ್ಕೂಲಿನಲ್ಲಿ ಬೆತ್ತ ಹಿಡಿದು ಲೋಪ, ಆಗಮ, ಆದೇಶ ಕಲಿಸಿದ ಮಾಸ್ತರರನ್ನು ನಾನು ಈಗ ದಿನಾ ನೆನೆಯುತ್ತೇನೆ. ಒಮ್ಮೆ 150ರ ಮಿತಿಯೊಳಗೆ ಹನ್ನೊಂದು ಪ್ರಶ್ನೆ ಹಿಡಿಸಿದ್ದೆ. ಮೂವತ್ತು ದಿನ ತುಂಬಿದ ಮೇಲೆ ಬಂದ ಉತ್ತರ: ‘ಅರ್ಜಿಯು ಸ್ಪಷ್ಟವಾಗಿರುವುದಿಲ್ಲ.’ ಯಾವ ಕಚೇರಿ ಎಂದು ಹೇಳುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

8. ನೀರು ಬಿಡುವವನಿಗೂ ಒಂದು ಖಾಸಗಿ ಬದುಕಿದೆ.

ನಮ್ಮಲ್ಲಿ ‘ನೀರು ಬಂತು’ ಅನ್ನುವುದಿಲ್ಲ, ‘ನಳ ಬಂತು’ ಅನ್ನುತ್ತೇವೆ, ನೆಂಟರು ಬಂದಂತೆ. ನೆಂಟರ ಹಾಗೆಯೇ ಅದೂ ಹೇಳಿ ಬರುವುದಿಲ್ಲ. ಹೀಗಾಗಿ ಓಣಿಯಲ್ಲಿ ಅತಿ ಬೆಲೆಬಾಳುವ ಮಾಹಿತಿ ಅಂದರೆ ವಾಲ್ವ್ ತಿರುಗಿಸುವ ಮನುಷ್ಯನ ಮೊಬೈಲ್ ನಂಬರು. ಎಲ್ಲರ ಫೋನಿನಲ್ಲೂ ಅವನ ಹೆಸರು ‘ನೀರು’. ನಸುಕಿನ ನಾಲ್ಕಕ್ಕೆ ಫೋನು, ಉಣ್ಣುವಾಗ ಫೋನು, ಮಗಳ ನಿಶ್ಚಯದ ದಿನ ಅಕ್ಷತೆ ಹಿಡಿದು ನಿಂತಾಗಲೂ ಫೋನು. ಬೇಸತ್ತು ನಂಬರು ಬದಲಾಯಿಸಿದ. ಹೊಸ ಸಿಮ್ಮಿಗೆ ಝೆರಾಕ್ಸ್ ಮಾಡಿಸಲು ಬಂದದ್ದು ನನ್ನಲ್ಲಿಗೆ. ನಾನು ಯಾರಿಗೂ ಹೇಳಲಿಲ್ಲ, ದೇವರಾಣೆ. ಆದರೂ ಮೂರೇ ದಿನಕ್ಕೆ ಓಣಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಹೊಸ ನಂಬರು ಬಂತು. ಈಗ ಅಲ್ಲಿ ಅವನ ಚಲನವಲನವೂ ಬರುತ್ತದೆ: ‘ಸಾಲಿ ಹಿಂದ ಅದಾನ’, ‘ಚಾ ಕುಡ್ಯಾಕತ್ತಾನ’, ‘ಗಾಡಿ ಈ ಕಡೆ ತಿರುಗಿಸ್ಯಾನ, ಕೊಡಾ ತಗೀರಿ’. ಪೌರರ ಮೇಲೆ ಸರ್ಕಾರದ ಕಣ್ಗಾವಲಿನ ಬಗ್ಗೆ ಭಾಷಣ ಮಾಡುವ ನಮ್ಮ ಓಣಿಯ ನಿವೃತ್ತ ಗುರುಗಳೇ ಈ ಗ್ರೂಪಿನ ಅಡ್ಮಿನ್.

ಇನ್ನು ನೀರಿನ ಲೆಕ್ಕ. ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದಾಗ ಹಳ್ಳಿಯ ಮನುಷ್ಯನೊಬ್ಬನಿಗೆ ದಿನಕ್ಕೆ 55 ಲೀಟರ್ ಎಂದಿತು. ಒಳಚರಂಡಿ ಇರುವ ಪಟ್ಟಣದವನಿಗೆ ಸರ್ಕಾರಿ ಮಾನದಂಡ 135 ಲೀಟರ್. ನಮ್ಮ ಮನೆಯ ಪ್ಲಾಸ್ಟಿಕ್ ಕೊಡ ಹದಿನೈದು ಲೀಟರ್ ಹಿಡಿಯುತ್ತದೆ. ಅಂದರೆ ಹಳ್ಳಿಯವನಿಗೆ ನಾಲ್ಕಕ್ಕೂ ಕಡಿಮೆ ಕೊಡ, ಪಟ್ಟಣದವನಿಗೆ ಒಂಬತ್ತು. ಬಸ್ಸು ಹತ್ತಿ ಇಳಿದರೆ ಬಾಯಾರಿಕೆ ಸುಮಾರು ಎರಡೂವರೆ ಪಟ್ಟಾಗುತ್ತದೆ. ತಮಾಷೆ ಬಿಡಿ, ಹೆಚ್ಚಿನ ನೀರಿನ ದೊಡ್ಡ ಪಾಲು ಪಾಯಖಾನೆಗೆ. ಹಳೆಯ ಫ್ಲಶ್ಶನ್ನು ಒಮ್ಮೆ ಒತ್ತಿದರೆ ಸುಮಾರು ಹತ್ತು ಲೀಟರ್ ಹೋಗುತ್ತದೆ. ನನ್ನ ಮನೆಯಲ್ಲಿ ಅದರ ಟಾಕಿಯೊಳಗೆ ನೀರು ತುಂಬಿದ ಒಂದು ಲೀಟರಿನ ಬಾಟಲಿ ಇಳಿಬಿಟ್ಟಿದ್ದೇನೆ. ಪ್ರತಿ ಸಲ ಒಂದು ಲೀಟರ್ ಉಳಿತಾಯ. ನನಗೆ ತಿಳಿದ ಅತ್ಯುತ್ತಮ ನೀರಿನ ತಂತ್ರಜ್ಞಾನ ಇದು. ಇದಕ್ಕೆ ಆ್ಯಪ್ ಇಲ್ಲ.

ಮೀಟರಿನ ಮಾತು ಎತ್ತಿದರೆ ಜನ ಸಿಟ್ಟಾಗುತ್ತಾರೆ, ಗೊತ್ತು. ಹುಬ್ಬಳ್ಳಿ–ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆಯೂ ನೀರು ಬರತೊಡಗಿತು, ಮೀಟರಿನೊಂದಿಗೆ. ಅಲ್ಲಿರುವ ನನ್ನ ತಂಗಿ ಡ್ರಮ್ಮು ಮಾರಿಬಿಟ್ಟಳು. ನಾಳೆಯೂ ಬರುತ್ತದೆ ಎಂಬ ನಂಬಿಕೆ ಇದ್ದವರು ನೀರು ಕೂಡಿಡುವುದಿಲ್ಲ. ನಾವು ಹೊಸ ನೀರು ಬಂದೊಡನೆ ಹಳೆಯದನ್ನು ‘ಹಳಸಿತು’ ಎಂದು ಗಟಾರಿಗೆ ಸುರಿಯುತ್ತೇವೆ. ನಳಕ್ಕೆ ನೇರವಾಗಿ ಸಣ್ಣ ಮೋಟರ್ ಹಚ್ಚಿ ಪಕ್ಕದ ಮನೆಯ ಪಾಲನ್ನೂ ಎಳೆದುಕೊಂಡು ಸುರಿಯುತ್ತೇವೆ. ಈ ಪಾಪವನ್ನು ಯಾವ ಕಚೇರಿಯ ತಲೆಗೂ ಕಟ್ಟಲಾಗದು.

9. ಪಂಪಿಗೆ ಸಿಮ್ ಹಾಕಿಸಿದರೆ ಅದೂ ಪ್ರಜೆಯಾಗುತ್ತದೆ.

ನಮ್ಮ ಕಾಕಾನ ಎಲಿತೋಟಕ್ಕೆ ತ್ರೀಫೇಸ್ ಕರೆಂಟು ಬರುವುದು ಹೊತ್ತಲ್ಲದ ಹೊತ್ತಿಗೆ. ರಾತ್ರಿ ಹಾವಿನ ಭಯದಲ್ಲಿ ಬ್ಯಾಟರಿ ಹಿಡಿದು ಹೋಗುವುದು ಬೇಡವೆಂದು ಮಿಸ್ತ್ರಿಯೊಬ್ಬನಿಂದ ಮೊಬೈಲ್ ಸ್ಟಾರ್ಟರ್ ಕೂಡಿಸಿಕೊಂಡ. ಡಬ್ಬಿಯೊಳಗೆ ಸಿಮ್. ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಚಾಲೂ, ಮತ್ತೊಂದು ಕೊಟ್ಟರೆ ಬಂದ್. ಸಿಮ್ಮಿಗೆ ಕಾಕಾನ ಆಧಾರ್ ಕೊಟ್ಟದ್ದಾಯಿತು, ನನ್ನ ಅಂಗಡಿಯ ಪ್ರತಿಯೇ.

ಎರಡು ತಿಂಗಳು ಚೆನ್ನಾಗಿತ್ತು. ಮಾರ್ಚ್‌ನಲ್ಲಿ ತೋಟದ ಸಾಲುಗಳಲ್ಲಿ ನೀರು ನಿಂತು ಬಳ್ಳಿಯ ಬುಡ ಕೊಳೆಯತೊಡಗಿತು. ಎಲಿಬಳ್ಳಿಗೆ ಹಸಿ ಬೇಕು, ಕೆಸರು ಆಗದು. ಕಾಕಾ ತಾನು ಹಚ್ಚಿಲ್ಲವೆಂದ, ಕಾಕು ತನ್ನ ಫೋನು ಮುಟ್ಟಿಲ್ಲವೆಂದಳು. ಒಂದು ಮಧ್ಯಾಹ್ನ ಕಾಕಾ ಹಾಲವಾಣದ ಗಿಡದ ಕೆಳಗೆ ಕಾದು ಕೂತ. ಮೂರೂಕಾಲಿಗೆ, ಸುತ್ತ ನರಪಿಳ್ಳೆ ಇಲ್ಲ, ಮೋಟರ್ ‘ಗುಂಯ್’ ಎಂದು ತಾನೇ ಎದ್ದಿತು. ದೆವ್ವವೇ ಸರಿ ಎಂದು ನಿಂಬೆಹಣ್ಣು ತರಲು ಹೊರಟವನನ್ನು ನಾನು ತಡೆದೆ. ಸಿಮ್ ಬಿಚ್ಚಿ ತಂದು ನನ್ನ ಹಳೆಯ ಫೋನಿಗೆ ಹಾಕಿ ಕಾದೆವು. ಮರುದಿನ ಅದೇ ಹೊತ್ತಿಗೆ ರಿಂಗಾಯಿತು. ಬಲು ನಯವಾದ ಹೆಣ್ಣು ದನಿ: ‘ಸರ್, ನಿಮಗೆ ಪರ್ಸನಲ್ ಲೋನ್ ಮಂಜೂರಾಗಿದೆ, ಮಾತಾಡಬಹುದಾ?’

ಕಾಕಾ ಫೋನು ಕಸಿದುಕೊಂಡ. ‘ಯವ್ವಾ, ನೀ ಮಾತಾಡಾಕತ್ತಿದ್ದು ಐದು ಎಚ್‌ಪಿ ಮೋಟರ್ ಕೂಡ. ಅದಕ್ಕ ಸಾಲ ಬ್ಯಾಡ.’

ಆಕೆ ತುಸು ಸುಮ್ಮನಿದ್ದು, ‘ಸರ್, ಬೇರೆ ಯಾವ ಸಮಯಕ್ಕೆ ಫೋನ್ ಮಾಡಲಿ?’ ಎಂದಳು.

ನಂಬರು ಎಲ್ಲಿಂದ ಸೋರಿತೋ ತಿಳಿಯಲಿಲ್ಲ. 1909ಕ್ಕೆ ಸಂದೇಶ ಕಳಿಸಿ ಜಾಹೀರಾತು ಕರೆ ಬೇಡವೆಂದು ದಾಖಲಿಸಿದೆವು. ಮಿಸ್ತ್ರಿ ಬಂದು ಎರಡೇ ನಂಬರಿಗೆ ಕಿವಿಗೊಡುವಂತೆ ಡಬ್ಬಿಯನ್ನು ಸರಿಮಾಡಿದ. ಅದನ್ನು ಮೊದಲೇ ಮಾಡಬೇಕಿತ್ತು. ಅಷ್ಟರಲ್ಲಿ ಹೊಸ ಮಾತು ಬಂತು: 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಆದರೆ ಸಂಪರ್ಕದ ಆರ್‌ಆರ್ ನಂಬರಿಗೆ ಆಧಾರ್ ಜೋಡಿಸಬೇಕು. ಪುಕ್ಕಟೆಯನ್ನು ನಿಲ್ಲಿಸುವ ಹುನ್ನಾರವೆಂದು ರೈತ ಸಂಘಟನೆಗಳು ವಿರೋಧಿಸಿದವು. ನನ್ನ ತಕರಾರು ಬೇರೆ. ಪಂಪಿನ ಮಾಲೀಕ ಯಾರು ಎಂದು ಎರಡೆರಡು ಸಲ ಕೇಳುತ್ತಾರೆ. ಪಂಪು ನೆಲದಿಂದ ಎಷ್ಟು ನೀರು ಎತ್ತಿತು ಎಂದು ಒಬ್ಬರೂ ಕೇಳುವುದಿಲ್ಲ. ಸಾಲ ಕೊಡುವ ಆ ಹೆಣ್ಣುಮಗಳು ಎಷ್ಟು ನೀರು ಎತ್ತಿಸಿದಳೋ, ಅದರ ಲೆಕ್ಕ ಇಟ್ಟವರು ಯಾರು?

10. ಒಂದೇ ಟೋನರಿನಲ್ಲಿ ಎರಡೂ ಮನವಿ ಅಚ್ಚಾಗುತ್ತವೆ.

ವರದಾ ನದಿ ಸಾಗರದ ಕಡೆ ಹುಟ್ಟಿ ನಮ್ಮ ಜಿಲ್ಲೆಯನ್ನು ಹಾದು ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಮಳೆಗಾಲದಲ್ಲಿ ಹೊಲ ನುಂಗುತ್ತದೆ, ಬೇಸಿಗೆಯಲ್ಲಿ ಮಡುವಿಗೆ ಇಳಿಯುತ್ತದೆ. ಬೇಡ್ತಿ ನದಿಯ ನೀರನ್ನು ಅದಕ್ಕೆ ತರಬೇಕೆಂದು ನಮ್ಮ ಕಡೆಯವರ ಹೋರಾಟ. ತರಬಾರದೆಂದು ಶಿರಸಿ, ಯಲ್ಲಾಪುರದವರ ಹೋರಾಟ, ಸೋಂದಾ ಸ್ವರ್ಣವಲ್ಲಿ ಶ್ರೀಗಳೇ ಮುಂದೆ ನಿಂತು. ನಾನು ಬೇಕೆಂಬ ಮನವಿಯ ಇನ್ನೂರು ಪ್ರತಿ ತೆಗೆದ ವಾರದಲ್ಲೇ, ಶಿರಸಿಯಿಂದ ಬಂದ ಬೀಗರೊಬ್ಬರು ಬೇಡವೆಂಬ ಕರಪತ್ರದ ಐವತ್ತು ಪ್ರತಿ ತೆಗೆಸಿಕೊಂಡರು. ಅವರ ಕರಪತ್ರವನ್ನು ಓದಿದೆ. ಓದದೆ ಪ್ರತಿ ತೆಗೆದಿದ್ದರೆ ನಿದ್ದೆ ಚೆನ್ನಾಗಿ ಬರುತ್ತಿತ್ತು. ನಮ್ಮ ಕೆರೆಗಳ ಹೂಳು ತೆಗೆಯದೆ ಇನ್ನೊಬ್ಬರ ಕಾಡಿನ ನೀರು ಕೇಳಲು ನಾಲಿಗೆ ಅಷ್ಟು ಸಲೀಸಾಗಿ ಏಳುವುದಿಲ್ಲ. ಹಾಗೆಂದು ನಮ್ಮೂರ ಮೋತಿ ತಲಾಬಿನ ಏರಿಯ ಮೇಲೆ ನಿಂತು ಏಪ್ರಿಲ್ ತಿಂಗಳಲ್ಲಿ ಈ ಮಾತನ್ನು ಹೇಳುವ ಧೈರ್ಯವೂ ನನಗಿಲ್ಲ.

11. ಅರ್ಜಿ ಮುಗಿಯುವ ಜಾಗವೊಂದಿದೆ.

ನಮ್ಮೂರ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ಎಲೆಯಿಂದಲ್ಲ, ಖಾರಾದಿಂದಲ್ಲ. 2010ರ ಜುಲೈನಲ್ಲಿ, ತಲೆಮಾರುಗಳಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದವರು, ತಮ್ಮನ್ನು ಮನೆಗಳಿಂದ ಎಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು. ಮಲ ಹೊರುವುದನ್ನು ನಿಷೇಧಿಸಿದ ಕಾಯ್ದೆ 1993ರಿಂದಲೇ ಪುಸ್ತಕದಲ್ಲಿತ್ತು. ಹೊಸ ಕಾಯ್ದೆ 2013ರಲ್ಲಿ ಬಂತು. ಈ ಪಾಠಕ್ಕೆ ನನ್ನ ಬಳಿ ನಗೆಯ ಮಾತಿಲ್ಲ. ತಮ್ಮ ಅರ್ಜಿಯನ್ನು ಯಾರೂ ಓದುತ್ತಿಲ್ಲ ಎಂದು ಯಾರಾದರೂ ನನ್ನ ಕಟ್ಟೆಯ ಮೇಲೆ ಕೂತು ಹೇಳಿದಾಗ ನಾನು ಈಗ ‘ನೋಡೋಣ ಬಿಡ್ರಿ’ ಅನ್ನುವುದಿಲ್ಲ.

12. ಎಲ್ಲ ಪ್ರಶ್ನೆಗೂ ಉತ್ತರಿಸಬೇಕೆಂದಿಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಬಂತು. ಮೊದಲು ಮೀಟರ್ ಓದುವವರು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋದರು, ಆಮೇಲೆ ಶಿಕ್ಷಕರು 60 ಪ್ರಶ್ನೆ ಹೊತ್ತು ತಂದರು. ಭಾಗವಹಿಸುವುದು ಜನರ ಇಚ್ಛೆ, ಮಾಹಿತಿ ಗುಟ್ಟಾಗಿರಬೇಕು ಎಂದು ಹೈಕೋರ್ಟು ಹೇಳಿತು. ನಾನು ಬಹುಪಾಲು ಹೇಳಿದೆ. ಹಿಂದುಳಿದವರ ಲೆಕ್ಕ ಸಿಗಬೇಕಾದರೆ ಯಾರೋ ಲೆಕ್ಕ ಕೊಡಲೇಬೇಕಲ್ಲ. ಬಂದ ಗುರುಮಾತೆ ಬಿಸಿಲಿಗೆ ಬಸವಳಿದಿದ್ದರು, ನೆಟ್‌ವರ್ಕ್ ಹುಡುಕಿಕೊಂಡು ನಮ್ಮ ಮಾಳಿಗೆ ಹತ್ತಿದರು. ಸಿಂಟೆಕ್ಸಿನ ಪಕ್ಕ ಎರಡು ಗೆರೆ ಸಿಕ್ಕಿತು. ಅಲ್ಲಿಯೇ ನಿಂತು ನನ್ನ ಆದಾಯ ಕೇಳಿದರು, ನಾಲ್ಕು ಮನೆಗೆ ಕೇಳುವಷ್ಟು ಜೋರಾಗಿ.

ನನಗೆ ಹೆಚ್ಚು ಗೌರವವಿರುವುದು ಹಳೆಯ ಜನಗಣತಿ ಕಾಯ್ದೆಯ ಮೇಲೆ. ಗಣತಿದಾರ ಬರೆದುಕೊಂಡದ್ದನ್ನು ಯಾರೂ ನೋಡುವಂತಿಲ್ಲ, ಅದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವಂತಿಲ್ಲ. 1948ರ ಕಾಯ್ದೆ ಅದು. ಆಗ ಸವಣೂರಿನಲ್ಲಿ ಝೆರಾಕ್ಸ್ ಅಂಗಡಿ ಇರಲಿಲ್ಲ.

13. ಗಿರಾಕಿ ಕೇಳಿದಷ್ಟು ಪ್ರತಿ ತೆಗೆಯಿರಿ.

ಹೋದ ವಾರ ಒಬ್ಬ ಆಯಿ ಬಂದಳು. ಓಣಿಯ ನಳದ ಬಗ್ಗೆ ಕೊಟ್ಟ ಅರ್ಜಿಗೆ ಉತ್ತರ ಬಂದಿತ್ತು. ಒಂದು ಹಾಳೆ, ಮೂರು ಸಾಲು: ಪರಿಶೀಲನೆಯಲ್ಲಿದೆ. ಸೀಲು, ಸಹಿ. ಚೀಲದಿಂದ ಮೆತ್ತಗೆ ತೆಗೆದು ಗಾಜಿನ ಮೇಲೆ ತಾನೇ ಇಟ್ಟಳು.

‘ಎರಡೂ ಬಾಜು ತಗಿಯಪಾ.’

‘ಆಯಿ, ಹಿಂದ ಏನೂ ಇಲ್ಲ. ಖಾಲಿ ಐತಿ.’

ಹಾಳೆ ತಿರುಗಿಸಿ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು, ಬೆರಳಾಡಿಸಿ ನೋಡಿದಳು.

‘ಇರಲಿ, ತಗಿ. ರೊಕ್ಕಾ ನಾ ಕೊಡಾಕತ್ತೇನಿ, ನಿಂದೇನು ಹೋಗತೈತಿ?’

ತೆಗೆದುಕೊಟ್ಟೆ. ಎರಡನೆಯ ಬಾಜಿನಲ್ಲಿ ಬರೀ ನನ್ನ ಡ್ರಮ್ಮಿನ ಗೆರೆ ಬಿದ್ದಿತ್ತು.